ತಗಡಿನ ಮೇಲೆ ಒಣಗಿಸಿದ ನಸುಗುನ್ನಿ

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದ್ದೇನೆ. ಬರೆಯಲು ಕುಳಿತಾಗಲೆಲ್ಲ ಏನೋ ನೆಪ ತೆಗೆದು ಎದ್ದುಬಿಡುತ್ತಿದ್ದೆ.

ಹೈಸ್ಕೂಲು ಮುಗಿಸಿ ಶಿಗ್ಗಾಂವದ ಒಂದು ಗಿಡಮೂಲಿಕೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವನು, ಕೂದಲು ನರೆಯುವವರೆಗೂ ಅಲ್ಲೇ ಇದ್ದೆ. ಹಾನಗಲ್ಲ, ಸವಣೂರ, ಹಿರೇಕೆರೂರ ಕಡೆಯ ರೈತರು ತಂದ ಬೀಜಗಳನ್ನು ನಾವು ಔಷಧಿ ಕಂಪನಿಗಳಿಗೆ ಕಳಿಸುತ್ತಿದ್ದೆವು. ಪ್ರತಿ ಚೀಲದಿಂದ ಒಂದು ಹಿಡಿ ತೆಗೆದು, ಪೊಟ್ಟಣ ಕಟ್ಟಿ, ಪ್ರಯೋಗಾಲಯಕ್ಕೆ ಕಳಿಸುವುದು ನನ್ನ ಕೆಲಸ. ಫಲಿತಾಂಶ ಬರುವವರೆಗೆ ಚೀಲ ನಮ್ಮಲ್ಲೇ ಇರುತ್ತಿತ್ತು. ಪ್ರಯೋಗಾಲಯದಲ್ಲಿ ಬೀಜವನ್ನು ಪುಡಿ ಮಾಡಿ, ದ್ರಾವಣದಲ್ಲಿ ಕರಗಿಸಿ, ಯಂತ್ರಕ್ಕೆ ಕೊಟ್ಟು ನೋಡುತ್ತಿದ್ದರು. ನಸುಗುನ್ನಿ ಬೀಜದಲ್ಲಿ ಅವರು ಹುಡುಕುತ್ತಿದ್ದುದು ಎಲ್-ಡೋಪಾ, ಕೈಕಾಲು ನಡುಗುವ ರೋಗಿಗಳಿಗೆ ಬೇಕಾದದ್ದು. ಬೀಜಕ್ಕೆ ಕಾವು ಹೆಚ್ಚಾದರೆ ಅದು ಇಳಿದುಹೋಗುತ್ತದೆ.

ನಸುಗುನ್ನಿ ಕಾಯಿಯ ರೋಮ ತಾಗಿದರೆ ಮೈಯೆಲ್ಲ ತುರಿಕೆ. ಅದಕ್ಕೇ ಕೆಲವರು ಕಾಯಿಯನ್ನು ಬೆಂಕಿಗೆ ಹಿಡಿದು ಬೀಜ ಬಿಡಿಸುತ್ತಿದ್ದರು. ಹಿರೇಬೆಂಡಿಗೇರಿಯ ಒಬ್ಬ ಹೆಂಗಸು ಮಾತ್ರ ರೋಮ ಹಾರದಂತೆ ಸಗಣಿ ನೀರು ಚಿಮುಕಿಸಿ, ಕೈಗೆ ಹಳೆ ಸೀರೆ ಸುತ್ತಿಕೊಂಡು ಬಿಡಿಸಿ, ನೆರಳಲ್ಲಿ ಒಣಗಿಸಿ ತರುತ್ತಿದ್ದಳು. ಆಕೆಯ ಚೀಲ ಎಂದೂ ವಾಪಸು ಹೋಗಿರಲಿಲ್ಲ.

ಒಮ್ಮೆ ಅಕಾಲದಲ್ಲಿ ಮಳೆ ಬಂದು ಅಂಗಡಿ ಸೋರಿತು, ಆಕೆಯ ಚೀಲ ತೊಯ್ದಿತು. ಅದನ್ನು ಸೋರುವ ಕಡೆ ಇಟ್ಟವನು ನಾನೇ. ಅಂಗಡಿಯ ಸಾವಕಾರರು ನೋಡುವಷ್ಟರಲ್ಲಿ ಒಣಗಲೆಂದು ಹಿತ್ತಲಲ್ಲಿ ಉರಿ ಹಾಕಿ, ತಗಡಿನ ಮೇಲೆ ಬೀಜ ಹರವಿ ಕೈಯಾಡಿಸಿದೆ. ಆಮೇಲೆ ಅದರಿಂದಲೇ ಪೊಟ್ಟಣ ಕಟ್ಟಿ ಕಳಿಸಿದೆ.

ಪ್ರಯೋಗಾಲಯದಿಂದ ಫೋನು ಬಂತು. ಎಲ್-ಡೋಪಾ ಅಂಶ ತೀರ ಕಡಿಮೆ, ಬೀಜ ಹುರಿದಂತಿದೆ ಎಂದರು. ಸಾವಕಾರರು ಆಕೆಯನ್ನು ಕರೆಸಿದರು.

"ಏನಬೇ, ಕಾಯಿ ಸುಟ್ಟು ತಂದೀಯೇನು?"

"ತುರಸ್ಕೊಳ್ಳೂದು ಯಾರಿಗೆ ಬೇಕರಿ? ಹುರಗಡಲಿ ಮಾಡಿ ತಂದಾಳ" ಎಂದ ಹಮಾಲ. ಎಲ್ಲರೂ ನಕ್ಕರು.

"ಇಲ್ಲರಿ ಸಾವಕಾರ್ರ, ನಾ ಬೆಂಕಿ ಮುಟ್ಟಿಸಿಲ್ಲರಿ." ಆಕೆ ನನ್ನ ಕಡೆ ತಿರುಗಿದಳು. "ನೀವರ ಹೇಳ್ರಿ ಅಣ್ಣಾರ. ಚೀಲ ನಿಮ್ಮ ಕಡೇನ ಇತ್ತಲ್ಲರಿ."

ನಾನು ನೆಲ ನೋಡುತ್ತ ಹೇಳಿದೆ: "ಹಳ್ಳ್ಯಾಗ ಹಂಗ ಮಾಡ್ತಾರ್ರಿ ಸಾವಕಾರ್ರ. ಈಕೀನೂ ಸುಟ್ಟಿರಬೇಕು."

ಮಸಿ ಹಿಡಿದ ತಗಡು ಹಿತ್ತಲ ಬಾಗಿಲಲ್ಲೇ ಒರಗಿಕೊಂಡಿತ್ತು. ಆಕೆ ಅದನ್ನು ನೋಡಿದಳು. ನನ್ನನ್ನೂ ನೋಡಿದಳು. ಚೀಲ ಹೊತ್ತುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಸುಟ್ಟ ಬೀಜದಾಕಿ ಎಂಬ ಹೆಸರು ಪೇಟೆಯಲ್ಲಿ ಹಬ್ಬಿತು. ಯಾವ ಅಂಗಡಿಯವರೂ ಆಕೆಯ ಮಾಲು ಮುಟ್ಟಲಿಲ್ಲ. ಬೇಲಿಗೆ ಹಬ್ಬಿಸಿದ್ದ ನಸುಗುನ್ನಿ ಬಳ್ಳಿಗಳನ್ನು ಆಕೆ ಕಿತ್ತುಹಾಕಿದಳೆಂದು ಆಮೇಲೆ ತಿಳಿಯಿತು.

ಈಚೆಗೆ ಆಕೆಯ ಮನೆಗೆ ಹೋಗಿದ್ದೆ. ಬೇಲಿಯಲ್ಲಿ ಬರೀ ತಂತಿ ಇತ್ತು. "ಕುಂದರು, ರೊಟ್ಟಿ ತಿನ್ನು. ಎಷ್ಟು ಸೊರಗೀಯಲ್ಲೋ" ಎಂದಳು. ತಿಂದೆ. ಹೇಳಬೇಕೆಂದು ಹೋದದ್ದನ್ನು ಹೇಳದೆ ಬಂದೆ.

ಇಷ್ಟು ಹೊತ್ತೂ ಒಬ್ಬ ಹೆಂಗಸು ಎಂದೇ ಬರೆದೆ. ನೌಕರರ ಬಳಗದ ಮಾಲು ಕೊಳ್ಳಬಾರದೆಂಬುದು ಸಾವಕಾರರ ಕಟ್ಟಳೆ. ಅದಕ್ಕಾಗಿ ಅಂಗಡಿಯಲ್ಲಿ ಗುರುತಿಲ್ಲದವರಂತೆ ಇರೋಣ ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಆ ದಿನ ಆಕೆ ಬಾಯಿ ಬಿಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಅಷ್ಟು ಮಂದಿಯ ಮುಂದೆ ನನ್ನನ್ನು ಅಣ್ಣಾರ ಎಂದು ಕರೆದು, ಸುಮ್ಮನೆ ಚೀಲ ಹೊತ್ತು ಹೋದವಳು ನನ್ನ ಒಡಹುಟ್ಟಿದ ಅಕ್ಕ.