ಕಸಿದುಕೊಂಡು ತಂದ ಬಕೆಟ್ಟು

ಅದು ಬರಗಾಲದ ಎರಡನೆಯ ವರ್ಷ. ನನ್ನ ಮಗಳು ನಾಲ್ಕನೇ ಇಯತ್ತೆಯ ಪರೀಕ್ಷೆ ಮುಗಿಸಿದ್ದಳು ಎಂಬ ನೆನಪಿನ ಮೇಲೆ ಹೇಳುವುದಾದರೆ ಮೂವತ್ತೈದು ವರ್ಷ ದಾಟಿರಬೇಕು. ಮಹಾರಾಷ್ಟ್ರದ ಉದಗೀರದಲ್ಲಿ ನಮ್ಮದು ಬಟ್ಟೆ ಅಂಗಡಿ, ಅದರ ಹಿಂದಿನ ಗಲ್ಲಿಯಲ್ಲಿಯೇ ಮನೆ. ಆ ಬೇಸಿಗೆಯಲ್ಲಿ ನಮ್ಮ ಗಲ್ಲಿಗೆ ಎಂಟು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಹಿಂದಿನ ದಿನವೇ ಕೊಡಗಳನ್ನು ಸಾಲಾಗಿ ಇಟ್ಟು ಪಾಳಿ ಹಿಡಿಯಬೇಕಿತ್ತು. ನನ್ನ ನಾಲಿಗೆ ಮೊದಲಿನಿಂದಲೂ ಉದ್ದ, ಆ ಬೇಸಿಗೆಯಲ್ಲಿ ಅದು ಇನ್ನೂ ಒಂದು ಗೇಣು ಬೆಳೆಯಿತು ಎಂದು ನಮ್ಮ ಮನೆಯವರು ಹೇಳುತ್ತಿದ್ದರು.

ಮನೆಯಿಂದ ಎರಡು ಗಲ್ಲಿ ಆಚೆ ಒಂದು ಶಾಲೆ. ಅಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದ ಬಿರಾದಾರ ಸರ್ ಯಾವುದೋ ಶಿಕ್ಷಕರ ತಂಡದ ಜೊತೆ ಹನ್ನೆರಡು ದಿನ ಚೀನಾ ನೋಡಿಕೊಂಡು ಬಂದಿದ್ದರು. ಬಂದವರೇ ಹತ್ತಾರು ಜನರನ್ನು ಕೂಡಿಸಿ ಒಂದು ಸ್ನೇಹ ಮಂಡಳ ಶುರು ಮಾಡಿದರು. ಪ್ರತಿ ರವಿವಾರ ಶಾಲೆಯ ಅಂಗಳದಲ್ಲಿ ಸೇರುವುದು, ಹಾಲಿಲ್ಲದ ಸಕ್ಕರೆಯಿಲ್ಲದ ಚಹಾ ಕುಡಿಯುವುದು, ಕೆಂಪು ಕಾಗದ ಕತ್ತರಿಸಿ ಮೀನು, ಹೂವು ಮಾಡುವುದು, ಆ ದೇಶದ ಕಥೆಗಳನ್ನು ಮರಾಠಿಯಲ್ಲಿ ಓದುವುದು. ಯುದ್ಧವನ್ನು ಮರೆಯದ ಕೆಲವು ಹಿರಿಯರು ಇವರನ್ನು ಕಂಡರೆ ಮುಖ ತಿರುವುತ್ತಿದ್ದರು. ನನಗೆ ಯುದ್ಧದ ಚಿಂತೆ ಇರಲಿಲ್ಲ, ನನ್ನದು ಕೊಡದ ಚಿಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆ ಮಂಡಳವನ್ನು ಆಡಿಕೊಂಡು ನಗುತ್ತಿದ್ದೆ.

ಈಗ ನಮ್ಮ ಅತ್ತೆಯ ಬಗ್ಗೆ ಹೇಳಬೇಕು. ದೇವಣಿ ಕಡೆಯ ಒಕ್ಕಲುತನದ ಮನೆಯಿಂದ ಬಂದವರು. ಆಗ ಅವರಿಗೆ ಎಪ್ಪತ್ತೈದರ ಮೇಲೆ. ಸಣ್ಣ ವಯಸ್ಸಿನಲ್ಲಿ ಲಿಂಗದೀಕ್ಷೆ ಆದಾಗಿನಿಂದ, ಜಳಕ ಮಾಡಿ ಲಿಂಗಪೂಜೆ ಮಾಡದೆ ಒಂದು ತುತ್ತು ಬಾಯಿಗೆ ಹಾಕಿದವರಲ್ಲ. ಹೆರಿಗೆಯಲ್ಲಿ, ಜ್ವರದಲ್ಲಿ, ಗಂಡ ತೀರಿದ ದಿನವೂ ಆ ನೇಮ ತಪ್ಪಿರಲಿಲ್ಲ. ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಪೂಜೆ ಮಾಡಿರಿ ಎಂದರೆ, ಒರೆಸುವುದು ಬೆಂಚನ್ನು, ಮನುಷ್ಯರನ್ನಲ್ಲ ಎಂದು ನನ್ನನ್ನೇ ಬೈಯುತ್ತಿದ್ದರು.

ಆ ವಾರ ಟ್ಯಾಂಕರ್ ಬರಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ನಮ್ಮ ಮನೆಯವರು ಎರಡು ಡ್ರಮ್ಮು ಹೇರಿಕೊಂಡು ನಿಲಂಗಾದ ನಾದಿನಿಯ ಮನೆಗೆ ಹೋದರು, ಅಲ್ಲಿಯ ಬೋರಿನಲ್ಲಿ ಇನ್ನೂ ನೀರಿತ್ತು. ಮರುದಿನ ಎಸ್.ಟಿ. ಬಸ್ಸಿನ ಕಂಡಕ್ಟರ್ ಅಂಗಡಿಗೆ ಬಂದು, ಬೋರು ಬೆಳಗಿನ ಒಂದು ತಾಸು ಮಾತ್ರ ಎತ್ತುತ್ತಿದೆಯಂತೆ, ಸೋಮವಾರ ಬರುತ್ತಾರಂತೆ ಎಂದು ಹೇಳಿಹೋದ. ಮನೆಯಲ್ಲಿ ಉಳಿದದ್ದು ಕುಡಿಯುವ ನೀರು ಒಂದೇ ಕೊಡ.

ಶನಿವಾರ ಬೆಳಿಗ್ಗೆ ಆ ಕೊಡದಿಂದ ಅತ್ತೆಯ ಜಳಕಕ್ಕೆ ಎರಡು ತಂಬಿಗೆ ತೆಗೆಯಲು ಹೋದೆ. ಅವರು ನನ್ನ ಕೈ ಹಿಡಿದರು.

"ಕೂಸಿನ ಬಾಯಾಗಿನ ನೀರು ತಗದು ಲಿಂಗಕ್ಕ ಹಾಕಲೇನು? ಇಡು ಅಲ್ಲೇ."

ಅಕ್ಕಪಕ್ಕದ ಮನೆಯಲ್ಲಿ ಕೇಳಲೂ ಬಿಡಲಿಲ್ಲ. ಅವರ ಮನೆಯಲ್ಲಿಯೂ ಮಕ್ಕಳಿದ್ದಾರೆ ಎಂದರು. ಆ ದಿನ ಪೂರ್ತಿ ಉಪವಾಸ. ಪೂಜೆಯಾಗದೆ ನೀರನ್ನೂ ಕುಡಿಯುವವರಲ್ಲ. ರವಿವಾರ ಬೆಳಿಗ್ಗೆ ಹಾಸಿಗೆಯಿಂದ ಎದ್ದವರು ಗೋಡೆ ಹಿಡಿದು ಅಲ್ಲಿಯೇ ಕುಸಿದು ಕೂತರು. ತುಟಿ ಒಣಗಿ ಬಿರಿದಿತ್ತು. ಮಾತನಾಡಿಸಿದರೆ ಒಮ್ಮೆ ಉತ್ತರ ಕೊಡುತ್ತಿದ್ದರು, ಒಮ್ಮೆ ಇಲ್ಲ. ಸೋಮವಾರದವರೆಗೆ ಈ ಜೀವ ತಡೆಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಮಗಳನ್ನು ಅವರ ಹತ್ತಿರ ಕೂಡಿಸಿ, ಖಾಲಿ ಕೊಡ ಹಿಡಿದು, ಎಲ್ಲಿಯಾದರೂ ನೀರು ಸಿಕ್ಕೀತು ಎಂದು ಹೊರಬಿದ್ದೆ.

ಮೂರು ಕಡೆ ತಿರುಗಿ ಸಿಗದೆ ಶಾಲೆಯ ಮುಂದೆ ಬಂದಾಗ ಒಳಗೆ ಮಂಡಳದ ಸಭೆ ನಡೆದಿತ್ತು. ಅಂಗಳದ ಕಲ್ಲಿನ ಫರ್ಸಿಯ ಸುತ್ತ ಜನ ನಿಂತಿದ್ದರು. ನಡುವೆ ಸಣ್ಣ ಕಣ್ಣಿನ, ಎರಡು ಜಡೆಯ ಒಬ್ಬ ಹುಡುಗಿ. ಹೈದರಾಬಾದಿನಲ್ಲಿ ಹಿಂದಿ ಕಲಿಯಲು ಬಂದಿದ್ದ ಚೀನೀ ವಿದ್ಯಾರ್ಥಿನಿಯನ್ನು ಬಿರಾದಾರ ಸರ್ ಎರಡು ದಿನದ ಮಟ್ಟಿಗೆ ಕರೆಸಿದ್ದಾರೆ ಎಂದು ಮಗಳು ಹೇಳಿದ್ದು ನೆನಪಾಯಿತು. ಆಕೆಯ ಕೈಯಲ್ಲಿ ಕಸಬರಿಗೆಯ ಹಿಡಿಯಷ್ಟು ದಪ್ಪನೆಯ ಕುಂಚ. ಅದನ್ನು ಬಕೆಟ್ಟಿನಲ್ಲಿ ಅದ್ದುವುದು, ಫರ್ಸಿಯ ಮೇಲೆ ಅವರ ಭಾಷೆಯ ಅಕ್ಷರ ಬರೆಯುವುದು. ಬಿಸಿಲಿಗೆ ಒಂದು ಅಕ್ಷರ ಮುಗಿಯುವಷ್ಟರಲ್ಲಿ ಹಿಂದಿನದು ಆರಿಹೋಗುತ್ತಿತ್ತು. ಜನ ವಾಹ್ ವಾಹ್ ಎನ್ನುತ್ತಿದ್ದರು.

ಬಕೆಟ್ಟಿನ ತುಂಬ ನೀರು! ನನ್ನ ತಲೆ ಕೆಟ್ಟಿತು. ಸಿಟ್ಟು ಬಂದರೆ ನನಗೆ ಮರಾಠಿಯೇ ಬರುತ್ತದೆ, ಆ ದಿನ ಬಂದಷ್ಟು ಮರಾಠಿ ಮತ್ತೆಂದೂ ಬಂದಿಲ್ಲ. ಮನೆಯಲ್ಲಿ ನಮ್ಮತ್ತೆ ಜಳಕಕ್ಕೆ ನೀರಿಲ್ಲದೆ ನಿನ್ನೆಯಿಂದ ಅನ್ನ ನೀರು ಬಿಟ್ಟು ಮಲಗಿದ್ದಾರೆ, ನೀವಿಲ್ಲಿ ನೆಲಕ್ಕೆ ನೀರು ಬಳಿದು ಆಟ ಆಡುತ್ತೀರಾ, ನಾಚಿಕೆ ಇಲ್ಲವಾ ಎಂದೆಲ್ಲ ಕೂಗಾಡಿದೆ. ಆ ಹುಡುಗಿಗೆ, ನಿಮ್ಮ ದೇಶದಲ್ಲಿ ನೀರು ಹೆಚ್ಚಾಗಿದ್ದರೆ ಅಲ್ಲಿಯೇ ಹೋಗಿ ಬರೆ ಎಂದೂ ಹೇಳಿದೆ. ಬಿರಾದಾರ ಸರ್ ಕೈ ಎತ್ತಿ ಏನೋ ಹೇಳಲು ಬಂದರು, ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕುಂಚವನ್ನು ಕಿತ್ತು ಆಚೆ ಒಗೆದು, ಬಕೆಟ್ಟು ಎತ್ತಿಕೊಂಡು ಮನೆಗೆ ಬಂದುಬಿಟ್ಟೆ.

ಜಳಕದ ಮೂಲೆಯಲ್ಲಿ ಬಕೆಟ್ಟು ಇಳಿಸಿದೆ. ಮಗಳು ಬಗ್ಗಿ ನೋಡಿ, "ಅವ್ವಾ, ಇದು ಬ್ಯಾಳಿ ತೊಳದ ನೀರು ಅದ," ಎಂದಳು.

ನೋಡಿದರೆ ನಿಜ. ಮಬ್ಬು ನೀರು, ಮೇಲೆ ತೊಗರಿಯ ಹೊಟ್ಟು ತೇಲುತ್ತಿತ್ತು. ಆಮೇಲೆ ಗೊತ್ತಾದದ್ದೆಂದರೆ, ಮಂಡಳದವರು ಅವರವರ ಮನೆಯಲ್ಲಿ ಬೇಳೆ, ಅಕ್ಕಿ ತೊಳೆದ ನೀರನ್ನು ಎರಡು ದಿನದಿಂದ ತಂಬಿಗೆ ತಂಬಿಗೆ ಕೂಡಿಸಿ ತಂದಿದ್ದರಂತೆ. ಒಳ್ಳೆಯ ನೀರಿನಲ್ಲಿ ಬರೆಯುವುದಿಲ್ಲ ಎಂದು ಆ ಹುಡುಗಿಯೇ ಮೊದಲು ಹೇಳಿದ್ದಳಂತೆ. ಅವರ ಊರಿನಲ್ಲಿ ಕಾಗದ ಕೊಳ್ಳಲಾಗದ ಮಕ್ಕಳು ಹಾಗೆ ಕಲ್ಲಿನ ಮೇಲೆ ನೀರಿನಿಂದ ಬರೆದು ಕಲಿಯುತ್ತಿದ್ದರಂತೆ.

ಅತ್ತೆ ಮಲಗಿದ್ದಲ್ಲಿಂದಲೇ, ನೀರು ಎಲ್ಲಿಯದು ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಡೆದದ್ದನ್ನೆಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಕಸಗೊಂಡು ಬಂದೀ? ನನ್ನ ಸಲುವಾಗಿ? ಒಯ್ದು ಕೊಟ್ಟು ಬಾ ಸುವರ್ಣಾ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಯಾವ ಮುಖ ಹೊತ್ತು ಹೋಗಲಿ ಎಂದು ಬಾಗಿಲಲ್ಲಿ ನಿಂತಿರುವಾಗಲೇ ಬಿರಾದಾರ ಸರ್ ಗಲ್ಲಿಯಲ್ಲಿ ಬರುವುದು ಕಂಡಿತು. ಹಿಂದೆ ಆ ಹುಡುಗಿ. ಬೈಯಲು ಬಂದಿದ್ದಾರೆ ಎಂದುಕೊಂಡೆ. ಆದರೆ ಹುಡುಗಿ ಎದೆಗೆ ಒಂದು ಥರ್ಮಾಸು ಅವುಚಿಕೊಂಡಿದ್ದಳು. ನನ್ನ ಕೂಗಾಟದಲ್ಲಿ ಏನು ಹೇಳಿದೆ ಎಂದು ಆಕೆ ಸರ್‌ಗೆ ಕೇಳಿದಳಂತೆ. ಅವರು ಬೈಗುಳ ಬಿಟ್ಟು ಅತ್ತೆಯ ಸಂಗತಿ ಮಾತ್ರ ತಿಳಿಸಿದರಂತೆ. ಆ ಒಂದು ಉಪಕಾರಕ್ಕೆ ಅವರಿಗೆ ನಾನು ಇಂದಿಗೂ ಋಣಿ.

ಥರ್ಮಾಸಿನಲ್ಲಿ ಆಕೆ ದಿನವಿಡೀ ಕುಡಿಯುವ ನೀರಿತ್ತು, ಕಾಯಿಸಿದ ನೀರು. ಅವರು ತಣ್ಣೀರು ಕುಡಿಯುವುದಿಲ್ಲವಂತೆ. ಆ ಬಿಸಿಲಿನಲ್ಲಿ ಬಿಸಿನೀರು ಕುಡಿಯುವವರನ್ನು ನಾನು ಅದೇ ಮೊದಲು ನೋಡಿದ್ದು. ಅಜ್ಜಿಯ ಜಳಕಕ್ಕೆ ತಂದಿದ್ದೇನೆ ಎಂದು ಹಿಂದಿಯಲ್ಲಿ ಹೇಳಿ ನನ್ನ ಕೈಗೆ ಕೊಟ್ಟಳು. ಮಾಫ್ ಕರೋ ಎಂದು ಇಬ್ಬರನ್ನೂ ಒಳಗೆ ಕರೆದೆ.

ಅತ್ತೆ ಒಪ್ಪಲಿಲ್ಲ. ಹೊರಗಿನವರ ಕೈಯ ನೀರು ಅವರು ಪೂಜೆಗೆ ಮುಟ್ಟುವವರಲ್ಲ, ಅದು ನನಗೆ ಗೊತ್ತಿತ್ತು. ಆದರೆ ಆ ಮಾತನ್ನು ಅವರು ಎತ್ತಲಿಲ್ಲ. ಪರದೇಶದ ಕೂಸು, ಕುಡಿಯುವ ನೀರು ನನ್ನ ಮೈಗೆ ಸುರಿದುಕೊಂಡರೆ ಅದು ಏನು ಕುಡಿಯಬೇಕು ಎಂದರು. ಅಷ್ಟು ಸಂಕಟದಲ್ಲಿಯೂ ಗೋಡೆಗೆ ಆತು ಎದ್ದು ಕೂತು, ಮನೆಗೆ ಬಂದವರಿಗೆ ಮೊದಲು ಊಟಕ್ಕೆ ಹಾಕು ಎಂದು ನನಗೆ ಕಣ್ಣು ಬಿಟ್ಟರು. ನಮ್ಮ ಮನೆಗೆ ಊಟದ ಹೊತ್ತಿಗೆ ಬಂದವರು ಉಣ್ಣದೆ ಹೋದದ್ದಿಲ್ಲ.

ಮಗಳಿಗೆಂದು ಮಾಡಿದ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ನಂಜಿಕೊಳ್ಳಲು ಶೇಂಗಾ ಹಿಂಡಿ ಇತ್ತು. ತಾಟು ಬಡಿಸಿ ಹುಡುಗಿಯ ಮುಂದೆ ಇಟ್ಟೆ. ಆಕೆ ಕೈ ಮುಗಿದು ಕೂತಳು. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡಳು. ಅಷ್ಟೇ. ರೊಟ್ಟಿ ಮುರಿಯಲಿಲ್ಲ. ಬೆಳಗಿನಿಂದ ಚಹಾ ಬಿಟ್ಟರೆ ಏನೂ ತಿಂದಿಲ್ಲ ಎಂದು ಸರ್ ಹೇಳಿದ್ದರು, ಆದರೂ ಮುಟ್ಟಲಿಲ್ಲ. ಝುಣಕ ಆರಿತು. ಖಾರಕ್ಕೆ ಹೆದರಿದಳೇನೋ ಎಂದು ನಾನು ಮೊಸರು ಹುಡುಕಲು ಎದ್ದೆ.

"ಯಾಕ ಉಣವಲ್ಲಳು?" ಎಂದು ಅತ್ತೆ ಕೇಳಿದರು.

ಸರ್ ಆಕೆಯ ಜೊತೆ ಎರಡು ಮಾತಾಡಿ ಅತ್ತೆಯ ಕಡೆ ತಿರುಗಿದರು. "ಅವರ ಕಡಿ ಹಂಗ ಪದ್ಧತಿ ಅದ ರೀ ಎವ್ವಾ. ಮನ್ಯಾಗ ಎಲ್ಲಾರಕಿಂತ ದೊಡ್ಡವರು ಮೊದಲ ತುತ್ತು ತಗೋಬೇಕು. ಅಲ್ಲೀತನಕ ಸಣ್ಣವರು ತಾಟಿಗೆ ಕೈ ಹಚ್ಚಂಗಿಲ್ಲ."

"ನಾ ಉಣ್ಣಂಗಿಲ್ಲ ಅಂತ ಹೇಳ್ರಿ ಆಕಿಗೆ."

ಸರ್ ಹೇಳಿದರು. ಹುಡುಗಿ ತಲೆ ಅಲ್ಲಾಡಿಸಿದಳು, ಅರ್ಥವಾಯಿತು ಎನ್ನುವ ಹಾಗೆ. ಕೈ ಮಾತ್ರ ತೊಡೆಯ ಮೇಲೆಯೇ ಇತ್ತು. ಮುಖದಲ್ಲಿ ಹಟವಿಲ್ಲ, ಅವಸರವಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ಕೂತಿದ್ದಳು. ಅತ್ತೆ ಆಕೆಯನ್ನು ನೋಡುವುದು, ಆಕೆ ತಾಟು ನೋಡುವುದು. ಹತ್ತು ನಿಮಿಷ ಆಗಿರಬಹುದು. ನನಗದು ಇಡೀ ಬೇಸಿಗೆಯಷ್ಟು ಉದ್ದ ಅನ್ನಿಸಿತು.

ಕೊನೆಗೆ ಅತ್ತೆ ನಿಟ್ಟುಸಿರು ಬಿಟ್ಟರು.

"ಮನಿಗೆ ಬಂದ ಜೀವ ಹಸಗೊಂಡು ಕುಂತರ ನಾ ಯಾವ ಮಾರಿ ಲಿಂಗಕ್ಕ ತೋರಿಸಲಿ? ಸುವರ್ಣಾ, ಜಳಕಕ್ಕ ಮಣಿ ಇಡು."

ನಾನು ಅವರನ್ನು ಹಿಡಿದು ಮಣೆಯ ಮೇಲೆ ಕೂಡಿಸಿದೆ. ನೀರು ಆಕೆಯೇ ಹಾಕಲಿ ಎಂದರು. ಹುಡುಗಿ ಥರ್ಮಾಸಿನ ನೀರನ್ನು ತಂಬಿಗೆಗೆ ಬಗ್ಗಿಸಿ, ಬೆರಳು ಅದ್ದಿ ನೋಡಿ, ಕೊಡದಿಂದ ಒಂದು ಲೋಟ ತಣ್ಣೀರು ಬೆರೆಸಿ, ಹೆಗಲ ಮೇಲೆ ಸಣ್ಣಗೆ ಧಾರೆ ಬಿಟ್ಟಳು. ಒಂದೂವರೆ ತಂಬಿಗೆ ನೀರಿನಲ್ಲಿ ತಲೆಯಿಂದ ಕಾಲಿನವರೆಗೆ ಹೇಗೆ ಮುಟ್ಟಿಸಿದಳೋ ದೇವರಿಗೇ ಗೊತ್ತು. ಬಿಸಿನೀರು ಮೈಮೇಲೆ ಬೀಳದೆ ಎಷ್ಟು ದಿನವಾಗಿತ್ತು ಎಂದು ಅತ್ತೆ ಗೊಣಗಿದರು. ಗೊಣಗುವಷ್ಟು ಶಕ್ತಿ ಬಂತಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು.

ಉಳಿಸಿಟ್ಟಿದ್ದ ನಾಲ್ಕು ಹನಿಯಲ್ಲಿ ಪೂಜೆಯಾಯಿತು. ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಹುಡುಗಿಯ ಎದುರಿಗೇ ಕೂತರು. ಮೊದಲು ಒಂದು ಲೋಟ ನೀರು ಕುಡಿದರು. ಆಮೇಲೆ ರೊಟ್ಟಿ ಮುರಿದು ಬಾಯಿಗಿಟ್ಟರು. ಆಗ ಹುಡುಗಿಯ ಕೈ ತೊಡೆಯಿಂದ ಎದ್ದಿತು. ಎರಡು ರೊಟ್ಟಿ ತಿಂದಳು. ಕೊನೆಯಲ್ಲಿ ಅತ್ತೆ ತಮ್ಮ ನೇಮದಂತೆ ತಾಟಿಗೆ ಗುಟುಕು ನೀರು ಹಾಕಿ, ತೊಳೆದು, ಅದನ್ನೇ ಕುಡಿದರು. ಅದು ಪ್ರಸಾದ, ಒಂದು ಅಗುಳೂ ಹಾಳಾಗಬಾರದು ಎಂಬ ನಮ್ಮ ಪದ್ಧತಿ. ಬರಗಾಲಕ್ಕೆ ಹಾಗೆ ಮಾಡುತ್ತಾರೆ ಎಂದು ತಿಳಿದಳೋ ಏನೋ, ಹುಡುಗಿಯೂ ತನ್ನ ತಾಟು ತೊಳೆದು ಕುಡಿದುಬಿಟ್ಟಳು. ಅತ್ತೆ ನನ್ನ ಕಡೆ ನೋಡಿ, ನಿನಗಿಂತ ಈಕೆಯೇ ಚಲೋ ಸೊಸೆ ಎಂದರು. ಆ ದಿನ ನನಗೆ ಸಿಟ್ಟು ಬರಲಿಲ್ಲ.

ಥರ್ಮಾಸು ಬರಿದಾಗಿ ಹೋಗಬಾರದು ಎಂದು ಅತ್ತೆ ಹಟ ಹಿಡಿದರು. ಕೊಡದಲ್ಲಿ ಉಳಿದಿದ್ದ ನೀರಿನಲ್ಲಿ ಅರ್ಧ ಕಾಯಿಸಿ ತುಂಬಿಕೊಟ್ಟೆ. ಬಕೆಟ್ಟನ್ನು ನಾನೇ ಎತ್ತಿಕೊಂಡೆ. ಸರ್ ಬೇಡವೆಂದರೂ ಬಿಡಲಿಲ್ಲ. ಎಲ್ಲರ ಮುಂದೆ ಕಸಿದು ತಂದದ್ದನ್ನು ಎಲ್ಲರ ಮುಂದೆಯೇ ಇಡಬೇಕಲ್ಲ. ಶಾಲೆಯ ಅಂಗಳದಲ್ಲಿ ಬಕೆಟ್ಟು ಇಳಿಸಿ ತಲೆ ತಗ್ಗಿಸಿ ನಿಂತೆ. ಹುಡುಗಿ ಕುಂಚವನ್ನು ನೀರಿನಲ್ಲಿ ಅದ್ದಿ ನನ್ನ ಕೈಗೆ ಕೊಟ್ಟಳು. ನನಗೆ ಬರುವುದು ರಂಗೋಲಿಯೊಂದೇ, ಅದನ್ನೇ ಬಿಡಿಸಿದೆ. ಎಷ್ಟೋ ತಿಂಗಳಿಂದ ಅಂಗಳಕ್ಕೆ ನೀರು ಚಿಮುಕಿಸದ ನನ್ನ ಕೈಗೆ ಅದು ಹಬ್ಬದ ಹಾಗೆ ಆಯಿತು.

ಸೋಮವಾರ ನಮ್ಮ ಮನೆಯವರು ಎರಡು ಡ್ರಮ್ಮು ನೀರು ತಂದರು. ಅಷ್ಟರಲ್ಲಿ ಹುಡುಗಿ ಹೈದರಾಬಾದಿನ ಗಾಡಿ ಹತ್ತಿದ್ದಳು. ಮತ್ತೆ ಆಕೆಯನ್ನು ನೋಡಲು ಆಗಲಿಲ್ಲ. ಅತ್ತೆ ಅದಾದ ಮೇಲೆ ಆರು ವರ್ಷ ಬದುಕಿದರು. ಮಂಡಳ ನಡೆದಷ್ಟು ವರ್ಷ ಪ್ರತಿ ರವಿವಾರ ಬೇಳೆ ತೊಳೆದ ನೀರಿನ ಬಕೆಟ್ಟು ಒಯ್ಯುವ ಪಾಳಿ ನನ್ನದೇ ಆಗಿತ್ತು.

ಆ ದಿನ ಆಕೆ ಉಣ್ಣದೆ ಕೂತದ್ದು ನಿಜವಾಗಿಯೂ ಪದ್ಧತಿಯೋ, ಅತ್ತೆಯನ್ನು ಉಣಿಸಲು ಮಾಡಿದ ಉಪಾಯವೋ ಎಂದು ಬಿರಾದಾರ ಸರ್‌ಗೆ ಒಮ್ಮೆ ಕೇಳಿದೆ. "ಪದ್ಧತಿ ಖರೇನ ಅದ ರೀ ಸುವರ್ಣಾಬಾಯಿ. ಆದರ ಆ ದಿನ ಮುಂಜಾನಿ ನಮ್ಮ ಮನ್ಯಾಗ ನಾ ಕೂಡೋದಕ್ಕಿಂತ ಮೊದಲ ಆಕಿ ಚಹಾ ಕುಡದಿದ್ದಳು," ಎಂದು ನಕ್ಕರು.

ಈಗ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವಳು ನಾನು. ಒಮ್ಮೊಮ್ಮೆ ಮೊಣಕಾಲು ನೋವಿಗೋ, ಯಾರದೋ ಮಾತಿಗೆ ಮುನಿಸಿಕೊಂಡೋ, ನನಗೆ ಊಟ ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗುತ್ತೇನೆ. ಆಗ ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡ ಆ ಎರಡು ಕೈ ಕಣ್ಣ ಮುಂದೆ ಬರುತ್ತವೆ. ಎದ್ದು ಬಂದು ರೊಟ್ಟಿ ಮುರಿಯುತ್ತೇನೆ.