ತುಂಗಾಬಾಯಿ ಕನ್ನಡ ಮಾಡಿಕೊಟ್ಟ ಕೈಪಿಡಿ

ಮಾನ್ವಿಯಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಅದು ಒಂದು ಸಲ ತುಂಗಾಬಾಯಿಯ ಮನೆಯ ಕಟ್ಟೆ ಹತ್ತಿ ಇಳಿಯುತ್ತಿತ್ತು. ಬ್ಯಾಂಕಿನ ನೋಟಿಸು, ವಿಮೆಯ ಪತ್ರ, ಹೈದರಾಬಾದಿನ ಆಸ್ಪತ್ರೆಯ ರಿಪೋರ್ಟು, ಏನೇ ಇರಲಿ. ಅವರು ಕನ್ನಡಕ ಏರಿಸಿ ಕಾಗದವನ್ನು ಒಂದು ಸಲ ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದರು. ತಿಳಿಯದ ಪದ ಬಂದರೆ ತಿಳಿಯದು ಎನ್ನುತ್ತಿದ್ದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವರು. ನಿವೃತ್ತರಾಗಿ ಐದು ವರ್ಷವಾದರೂ ಊರಿನಲ್ಲಿ "ಅಕ್ಕೋರು ಹೇಳ್ಯಾರ" ಎಂದರೆ ಅದರ ಮೇಲೆ ಮಾತಿರಲಿಲ್ಲ.

ಅವರ ಗಂಡ ನರಸಿಂಹಾಚಾರ್ಯರು ರಾಯರ ಗುಡಿಯಲ್ಲಿ ಪೂಜೆ ಮಾಡುವವರು. ದಂಪತಿಗೆ ಮಕ್ಕಳಿರಲಿಲ್ಲ. ಆದರೆ ಮನೆ ಎಂದೂ ಖಾಲಿ ಇರಲಿಲ್ಲ. ತುಂಗಾಬಾಯಿಯ ತಂಗಿ ತೀರಿಕೊಂಡಾಗ ಅವಳ ಮಗ ಸುಶಮೀಂದ್ರನಿಗೆ ಹನ್ನೊಂದು ವರ್ಷ. ಅಂದಿನಿಂದ ಅವನು ದೊಡ್ಡಮ್ಮನ, ಅವನ ಬಾಯಲ್ಲಿ 'ಮೌಶಿ'ಯ, ಮನೆಯಲ್ಲೇ ಬೆಳೆದ. ಡಿಪ್ಲೊಮಾ ಮುಗಿಸಿದ, ರಾಯಚೂರಿನಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟ, ಮದುವೆಯಾದ. ಆದರೂ ವಾರಕ್ಕೊಮ್ಮೆ ಮಾನ್ವಿಗೆ ಬಂದು ಮೌಶಿಯ ಕೈಯ ಹುಳಿ ಅನ್ನ ತಿಂದು ಹೋಗದಿದ್ದರೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅವನು ಇನ್‌ಫ್ರಾರೆಡ್ ಹೀಟರುಗಳನ್ನು ತರಿಸಿದಾಗ ಅಂಗಡಿಗೆ ಬಂದವರೆಲ್ಲ ನಕ್ಕರು. ಬೇಸಿಗೆಯಲ್ಲಿ ಕಾಗೆಯೂ ನೆರಳು ಹುಡುಕುವ ಊರಿನಲ್ಲಿ ಬಿಸಿ ಮಾರಲು ಹೊರಟಿದ್ದಾನೆ ಎಂದು. ಆದರೆ ಸುಶಮೀಂದ್ರ ಅದನ್ನು ಚಳಿಗೆಂದು ಮಾರಲಿಲ್ಲ, ನೋವಿಗೆಂದು ಮಾರಿದ. ಮೊಣಕಾಲು ಹಿಡಿದವರಿಗೆ, ಸೊಂಟ ಬಿದ್ದವರಿಗೆ, ಬಾಣಂತಿಯರಿಗೆ. "ಬೆಂಕಿ ಇಲ್ಲ, ಹೊಗಿ ಇಲ್ಲ, ಬಿಸಿಲಿನಾಗಿನ ಬಿಸಿ ಅಷ್ಟ ಇದು" ಎನ್ನುತ್ತಿದ್ದ. ಮೊದಲ ಹೀಟರನ್ನು ಮೌಶಿಯ ಮನೆಗೇ ತಂದ. ಎರಡು ಗಾಜಿನ ಕೊಳವೆ, ಹಿಂದೆ ಕನ್ನಡಿಯಂತೆ ಹೊಳೆಯುವ ತಗಡು. ಗುಂಡಿ ಒತ್ತಿದರೆ ಕೊಳವೆಗಳು ಕೆಂಪಗಾಗುತ್ತಿದ್ದವು. ಅವನೇ ಟೇಪು ಹಿಡಿದು ಅಳೆದು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಮೌಶಿ ಕೂರುವ ಕುರ್ಚಿಯ ಕಾಲುಗಳ ಸುತ್ತ ನೆಲದ ಮೇಲೆ ಬಣ್ಣದ ಗುರುತು ಹಾಕಿಕೊಟ್ಟ.

"ಕುರ್ಚಿ ಈ ಗುರುತು ಬಿಟ್ಟು ಸರಸಬ್ಯಾಡ ಮೌಶಿ. ಹದಿನೈದು ನಿಮಿಷ ಆದ ಮ್ಯಾಲ ಬಂದ್ ಮಾಡು."

ಧನುರ್ಮಾಸದ ಬೆಳಗಿನಲ್ಲಿ ಅದರೆದುರು ಕೂತರೆ ಮೊಣಕಾಲಿಗೆ ನಿಜವಾಗಿಯೂ ಹಿತವಾಗುತ್ತಿತ್ತು. ಅದನ್ನು ತುಂಗಾಬಾಯಿ ಎಂದೂ ಅಲ್ಲಗಳೆದವರಲ್ಲ.

ಒಂದು ಭಾನುವಾರ ಅವನು ಹೀಟರಿನ ಜೊತೆ ಬರುವ ಇಂಗ್ಲಿಷ್ ಕೈಪಿಡಿಯ ಜೆರಾಕ್ಸ್ ಹಾಳೆಗಳನ್ನು ತಂದ. "ನಮ್ಮ ಮಂದಿಗೆ ತಿಳಿಯೋಹಂಗ ಕನ್ನಡ ಮಾಡಿಕೊಡು. ನಿನ್ನ ಹೆಸರು ಹಾಕಿ ಅಚ್ಚು ಹಾಕಸ್ತೀನಿ." ಅವರು ನಾಲ್ಕು ದಿನ ಕೂತು ಬರೆದರು. 'ವಿಕಿರಣ' ಎಂದರೆ ಜನ ಹೆದರಿಯಾರು ಎಂದು 'ಬಿಸಿಕಿರಣ' ಎಂದು ಬರೆದರು. ಹಾಳೆಗಳಲ್ಲಿ ಆರರ ನಂತರ ಒಂಬತ್ತು ಬಂದಿದ್ದನ್ನು ನೋಡಿ ಫೋನು ಮಾಡಿ ಕೇಳಿದರು. ಏಳು, ಎಂಟು ಎಲ್ಲಿ?

"ಅವು ವಾರಂಟಿ ಪುಟ ಮೌಶಿ. ನಮ್ಮ ದೇಶಕ್ಕ ಸಂಬಂಧ ಇಲ್ಲ."

ಸರಿ ಎಂದರು. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಆ ಪುಟ ತಂದು ತೋರಿಸು ಎನ್ನುತ್ತಿದ್ದರು.

ಪುಸ್ತಿಕೆ ಅಚ್ಚಾಗಿ ಬಂತು. ಮುಖಪುಟದ ಕೆಳಗೆ 'ಕನ್ನಡಕ್ಕೆ: ತುಂಗಾಬಾಯಿ, ನಿವೃತ್ತ ಶಿಕ್ಷಕಿ, ಮಾನ್ವಿ' ಎಂದಿತ್ತು. ಅಚ್ಚಿನಲ್ಲಿ ತಮ್ಮ ಹೆಸರು ನೋಡಿದ್ದು ಅದೇ ಮೊದಲು. ದೇವರ ಮುಂದಿಟ್ಟು ತೆಗೆದರು. ಒಳಗೆ ಓದಲಿಲ್ಲ, ತಾವೇ ಬರೆದದ್ದಲ್ಲವೇ?

ಎರಡನೆಯ ಚಳಿಗಾಲದ ಹೊತ್ತಿಗೆ ಹೀಟರುಗಳು ಮಾನ್ವಿ, ದೇವದುರ್ಗ, ಕಲ್ಮಲದ ತನಕ ಹೋಗಿದ್ದವು. ಜನವರಿಯ ಒಂದು ಮಧ್ಯಾಹ್ನ ದೇವದುರ್ಗದಿಂದ ಫೋನು ಬಂತು. ಮಾತಾಡಿದವನು ಮುದುಕಪ್ಪ, ಅವರ ಹಳೆಯ ವಿದ್ಯಾರ್ಥಿನಿ ಕರೆಮ್ಮನ ಗಂಡ.

"ಅಕ್ಕೋರೇ, ಕರೆಮ್ಮನ್ನ ರಾಯಚೂರು ದವಾಖಾನಿಗೆ ಹಾಕೀವ್ರಿ. ಕಾಲು ಸುಟ್ಟೈತಿ. ನೀವು ಬರೆದ ಪುಸ್ತಕದಾಗ ಹೆಂಗ ಐತೋ ಹಂಗ ಮಾಡ್ಯಾಳ್ರಿ."

ಕರೆಮ್ಮ ಜಾಲಹಳ್ಳಿಯ ಕುರಿಗಾರರ ಮಗಳು. ಸೋದರಮಾವನ ಮನೆಯಲ್ಲಿದ್ದು ಮಾನ್ವಿಯಲ್ಲಿ ಹತ್ತನೆಯವರೆಗೆ ಓದಿದ್ದಳು. ಅವಳ ಕುಲದಲ್ಲಿ ಅಷ್ಟು ಓದಿದ ಮೊದಲ ಹೆಣ್ಣು. ಈಗ ದೇವದುರ್ಗದಲ್ಲಿ ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಿದ್ದಳು. ದಿನವಿಡೀ ಒಲೆಯ ಮುಂದೆ ನಿಂತು ಕಾಲು ಸೆಳೆಯುತ್ತಿದ್ದವು. ಎಂಟು ವರ್ಷದ ಸಕ್ಕರೆ ಕಾಯಿಲೆ.

ತುಂಗಾಬಾಯಿ ಸಿಕ್ಕ ಬಸ್ಸು ಹತ್ತಿ ರಾಯಚೂರಿಗೆ ಹೋದರು. ಕರೆಮ್ಮ ಮಂಚದ ಮೇಲೆ ಒರಗಿಕೊಂಡಿದ್ದಳು. ಬಲಗಾಲಿಗೆ ಮೊಣಕಾಲತನಕ ಬಟ್ಟೆ ಸುತ್ತಿತ್ತು. ಅಕ್ಕೋರನ್ನು ಕಂಡು ಏಳಲು ಹೋದಳು.

"ಮಲಗೇ. ಸುಡಾಕತ್ತಾಗ ಗೊತ್ತಾಗಲಿಲ್ಲೇನು?"

"ಇಲ್ರಿ ಅಕ್ಕೋರೇ. ಕಾಲು ಹತ್ರ ಇಟ್ಕೊಂಡು ಕೂತಿದ್ದೆ. ಏನೂ ಅನ್ನಿಸಲಿಲ್ಲ. ಆಮ್ಯಾಲ ವಾಸನಿ ಬಂತು. ಒಲಿ ಮ್ಯಾಲ ರೊಟ್ಟಿ ಸೀದಾವೇನೋ ಅಂದ್ಕೊಂಡು ಎದ್ದೆ."

ತುಂಗಾಬಾಯಿ ಮಂಚದ ಅಂಚಿಗೆ ಕೂತರು. ಚಿಕಿತ್ಸೆ ಮಾಡುತ್ತಿದ್ದ ಡಾಕ್ಟರು ಪೂರ್ಣಶ್ರೀ ಬಂದು ಬಿಡಿಸಿ ಹೇಳಿದರು. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲಿನ ನರಗಳು ಜೋಮುಗಟ್ಟುತ್ತವೆ. ಬಿಸಿ ತಗುಲಿದರೂ ಮೆದುಳಿಗೆ ಸುದ್ದಿ ಹೋಗುವುದಿಲ್ಲ. "ಯಂತ್ರ ವಿಷ ಅಲ್ರಿ. ದೂರ ಕೂತು, ಸ್ವಲ್ಪ ಹೊತ್ತು ಇಟ್ಕೊಂಡ್ರ ಬಹಳ ಮಂದಿಗೆ ಏನೂ ಆಗೂದಿಲ್ಲ. ಆದ್ರ ಇಂಥವ್ರು ಹತ್ರ ಹೋಗಬಾರದಂತ ಕಂಪನಿಯವ್ರ ಬರೆದಿರ್ತಾರ. ನಿಮ್ಮ ಪುಸ್ತಕದಾಗ ಯಾಕ ಇಲ್ಲ?"

ಕರೆಮ್ಮನ ದಿಂಬಿನ ಪಕ್ಕದಲ್ಲೇ ಪುಸ್ತಿಕೆಯಿತ್ತು. ಮಡಿಚಿ ಮಡಿಚಿ ಅಂಚು ಸವೆದಿತ್ತು. ತುಂಗಾಬಾಯಿ ಮೊದಲ ಸಲ ಅದನ್ನು ಒಳಗೆ ತೆರೆದು ಓದಿದರು. ಐದನೆಯ ಪುಟದ ಕೊನೆಗೆ ಒಂದು ವಾಕ್ಯವಿತ್ತು: 'ಎಷ್ಟು ಹತ್ತಿರ, ಎಷ್ಟು ಹೊತ್ತು ಕೂತರೂ ಯಾವ ಬಾಧೆಯೂ ಇಲ್ಲ, ಇದು ಗ್ಯಾರಂಟಿ.' ಅದು ಅವರು ಬರೆದ ವಾಕ್ಯವಲ್ಲ.

"ಇದನ್ನ ನಾ ಬರೆದಿಲ್ಲ ಕರೆಮ್ಮ" ಎಂದರು.

ಕರೆಮ್ಮ ಪುಸ್ತಿಕೆಯನ್ನು ನೋಡಿದಳು, ಅವರ ಮುಖ ನೋಡಿದಳು. "ಅಂಗಡ್ಯಾವ ಹೇಳಿದ್ದು ನಾ ನಂಬಿರಲಿಲ್ರಿ. ನಿಮ್ಮ ಹೆಸರು ನೋಡಿ ತಗೊಂಡೆ."

ಅಲ್ಲಿಂದ ಅವರು ಆಟೋ ಹಿಡಿದು ನೇರ ಸುಶಮೀಂದ್ರನ ಅಂಗಡಿಗೆ ಬಂದರು. ಅವನು ಖುಷಿಯಿಂದ ಕುರ್ಚಿ ಎಳೆದ. ಅವರು ಕೂರಲಿಲ್ಲ. "ಒಂದು ಹೊಸ ಡಬ್ಬಿ ಬಿಚ್ಚು" ಎಂದರು. ಅವನು ಚಹಾ ತರಿಸುತ್ತೇನೆ ಎಂದ, ಏನಾಯಿತು ಎಂದ, ಕೊನೆಗೆ ಬಿಚ್ಚಿದ. ಒಳಗೆ ಇಂಗ್ಲಿಷ್ ಕೈಪಿಡಿಯಿತ್ತು. ಏಳನೆಯ ಪುಟ ತೆರೆದರು. ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಎಂದಿತ್ತು. ಮೂರಡಿಗಿಂತ ಹತ್ತಿರ ಕೂರಬಾರದು. ಚರ್ಮದ ಅರಿವು ಕಡಿಮೆಯಿರುವವರು, ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಬಳಸಬಾರದು. ಉರಿಯುವ ಕೊಳವೆಯನ್ನು ದಿಟ್ಟಿಸಿ ನೋಡಬಾರದು. ಕೂಸುಗಳ ಹತ್ತಿರ ಇಡಬಾರದು, ಮೇಲೆ ಬಟ್ಟೆ ಹಾಕಬಾರದು. ಎರಡು ಪುಟದ ತುಂಬ ಅದೇ.

"ಇವು ವಾರಂಟಿ ಪುಟ ಏನೋ?"

ಸುಶಮೀಂದ್ರ ತಲೆ ತಗ್ಗಿಸಿದ. "ಅವನ್ನ ಹಾಕಿದ್ರ ಯಾರು ತಗೋತಿದ್ರು ಮೌಶಿ? ಈಗ ಮನಿಗೊಬ್ರಿಗೆ ಶುಗರ್ ಅದ."

"ನನಗೂ ಅದ. ಹನ್ನೆರಡು ವರ್ಷ ಆತು. ನನ್ನ ಮನಿಯಾಗೂ ತಂದು ಹಾಕಿದಿ."

ಅವನು ಥಟ್ಟನೆ ತಲೆಯೆತ್ತಿದ. ಅವನ ಕಣ್ಣಲ್ಲಿ ನೀರಿತ್ತು. "ನಿನಗ ಏನಾದ್ರೂ ಆಗೋಹಂಗ ಮಾಡ್ತೀನೇನು ನಾನು? ನಿಂದು ನಾನ ಅಳತಿ ಹಿಡಿದು ಹಾಕೀನಿ. ಮೂರಡಿ ಅಲ್ಲ, ನಾಕಡಿ. ಗುರುತು ಹಾಕಿಕೊಟ್ಟೀನಿ, ಹೊತ್ತು ಹೇಳೀನಿ."

ತನ್ನ ಪ್ರೀತಿಗೆ ಸಾಕ್ಷಿಯೆಂದು ಅವನು ಹೇಳಿದ ಮಾತದು. ತುಂಗಾಬಾಯಿಗೆ ಅದನ್ನು ಕೇಳಿಯೇ ಎದೆ ಒಡೆಯಿತು. ಎರಡು ಪುಟ ಓದದೆ ಕೈಬಿಟ್ಟಿದ್ದಾನೆ, ಹುಡುಗಬುದ್ಧಿ ಎಂದುಕೊಳ್ಳಲು ದಾರಿಯಲ್ಲೆಲ್ಲ ಒಂದು ನೆವ ಹುಡುಕುತ್ತ ಬಂದಿದ್ದರು. ಅವನು ಓದಿದ್ದ. ಅಕ್ಷರ ಅಕ್ಷರ ಓದಿದ್ದ. ಓದಿ, ಒಂದು ಮನೆಗೆ ಮಾತ್ರ ಟೇಪು ಹಿಡಿದಿದ್ದ.

"ಯಾರ್ಯಾರಿಗೆ ಕೊಟ್ಟಿ, ಆ ಪಟ್ಟಿ ಕೊಡು" ಎಂದರು. ಅವನು ಕೊಟ್ಟ. ಇಂಗ್ಲಿಷ್ ಕೈಪಿಡಿಯನ್ನೂ ಅವರು ಚೀಲಕ್ಕೆ ಹಾಕಿಕೊಂಡರು. ಅವನು ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆ ಎಂದು ಗಾಡಿಯ ಕೀಲಿ ತೆಗೆದ. ಅವರು ನಡೆದೇ ಹೋದರು.

ಅವತ್ತು ರಾತ್ರಿಯೇ ಏಳು, ಎಂಟನೆಯ ಪುಟಗಳನ್ನು ಕನ್ನಡಕ್ಕೆ ಬರೆದು ಮರುದಿನ ಪ್ರತಿ ತೆಗೆಸಿದರು. ಪಟ್ಟಿಯಲ್ಲಿ ಅರವತ್ತೆರಡು ಮನೆಗಳಿದ್ದವು. ನೋಯುವ ಮೊಣಕಾಲಿನಲ್ಲೇ ಊರೂರು ತಿರುಗಿದರು. ಕಲ್ಮಲದಲ್ಲಿ ಒಬ್ಬ ಮುದುಕ ಕಣ್ಣಿನ ಪೊರೆಗೂ ಒಳ್ಳೆಯದೆಂದು ಕೆಂಪು ಕೊಳವೆಯನ್ನೇ ದಿಟ್ಟಿಸುತ್ತ ಕೂರುತ್ತಿದ್ದ. ಗುಂಜಹಳ್ಳಿಯಲ್ಲಿ ಇಮಾಮ್ ಬೀ ಎಂಬ ಅಜ್ಜಿ ಮೊಮ್ಮಗಳ ಬಾಣಂತನಕ್ಕೆ ತಂದ ಹೀಟರಿನ ಮೇಲೆ ಕೂಸಿನ ಬಟ್ಟೆ ಒಣಹಾಕಿದ್ದಳು. ಒಂದು ಕುಂಚಿಗೆಯ ಅಂಚು ಆಗಲೇ ಕಂದಿತ್ತು. ಕೆಲವರು ಕೈಮುಗಿದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: "ಆ ಪುಸ್ತಕ ಬರೆದವ್ರು ನೀವ, ಈ ಕಾಗದ ತಂದವ್ರೂ ನೀವ. ಯಾವುದು ನಂಬಬೇಕ್ರಿ?"

ಹೊಸ ಕಾಗದವನ್ನು ಅವರ ಕೈಗಿಡುತ್ತ ತುಂಗಾಬಾಯಿ, "ನಾ ತಪ್ಪು ಮಾಡೀನ್ರಿ. ಪುಟ ಇಲ್ಲದ್ದು ನೋಡೀನಿ, ಬಿಟ್ಟೀನಿ" ಎಂದಷ್ಟೇ ಹೇಳುತ್ತಿದ್ದರು.

ಕರೆಮ್ಮನ ಬಲಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಅವಳ ಪರವಾಗಿ ಗ್ರಾಹಕರ ಆಯೋಗಕ್ಕೆ ದೂರು ಕೊಡುವಾಗ ತುಂಗಾಬಾಯಿ ಸಾಕ್ಷಿ ಹೇಳುತ್ತೇನೆ ಎಂದರು. ಸದಾ ಶಾಂತರಾದ ಆಚಾರ್ಯರು ಅಂದು ಊಟ ಬಿಟ್ಟು ಎದ್ದರು.

"ತಾಯಿ ಇಲ್ಲದ ಹುಡುಗ. ತಪ್ಪು ಮಾಡ್ಯಾನ, ಹೌದು. ಮನಿ ಮಾತು ಮನಿಯಾಗ ಮುಗಿಸೋದು ಬಿಟ್ಟು ಬೀದಿಗೆ ಯಾಕ ಒಯ್ತೀ?"

"ಮನಿಯಾಗಿನ ಮಾತಾಗಿ ಎಲ್ಲಿ ಉಳೀತು? ನನ್ನ ಹೆಸರು ಹಾಕಿ ಅರವತ್ತೆರಡು ಮನಿಗೆ ಅವನ ಒಯ್ದಾನ" ಎಂದರು ತುಂಗಾಬಾಯಿ. ವಿಚಾರಣೆಯ ದಿನ ಆಚಾರ್ಯರೂ ಜೊತೆಗೆ ಬಂದರು, ಆದರೆ ಒಳಗೆ ಬರದೆ ಹೊರಗಿನ ಬೇವಿನ ನೆರಳಲ್ಲಿ ಕೂತರು.

ಸುಶಮೀಂದ್ರನ ವಕೀಲರು ಕೇಳಿದರು, "ಎದುರುದಾರರು ನಿಮಗ ಏನಾಗಬೇಕ್ರಿ?"

"ತಂಗಿ ಮಗ. ನನ್ನ ಕೈಯಾಗ ಬೆಳೆದಾನ."

"ಅವ್ರ ಮ್ಯಾಲ ದ್ವೇಷ ಏನರ?"

"ದ್ವೇಷ ಇದ್ದಿದ್ರ ಏಳನೇ ಪುಟ ಎಲ್ಲಿ ಅಂತ ಅವತ್ತ ಬಿಡದ ಕೇಳ್ತಿದ್ದೆ" ಎಂದರು. ಬರೆದುಕೊಳ್ಳುತ್ತಿದ್ದ ಗುಮಾಸ್ತ ಒಂದು ಗಳಿಗೆ ಕೈ ತಡೆದು ನೋಡಿದ. ಸುಶಮೀಂದ್ರ ಗೋಡೆಯ ಕಡೆ ಮುಖ ಮಾಡಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಪು ಬಂತು. ಕರೆಮ್ಮನಿಗೆ ಪರಿಹಾರ ಸಿಕ್ಕಿತು. ಮಾರಿದ ಹೀಟರುಗಳನ್ನು ಬೇಡವೆಂದವರಿಂದ ಸುಶಮೀಂದ್ರ ವಾಪಸು ತೆಗೆದುಕೊಳ್ಳಬೇಕಾಯಿತು. ಕರೆಮ್ಮ ಈಗ ಎತ್ತರದ ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿಯುತ್ತಾಳೆ. ತುಂಗಾಬಾಯಿ ಹೋದರೆ ಕೂರಿಸಿ ಚಹಾ ಕೊಡುತ್ತಾಳೆ, ಮಾತು ಮಾತ್ರ ಮೊದಲಿನಷ್ಟಿಲ್ಲ. ಮಾನ್ವಿಯ ಕಟ್ಟೆಗೂ ಕಾಗದಗಳು ಬರುವುದು ಕಡಿಮೆಯಾಗಿದೆ. ಬಂದವರಿಗೆ ಅವರು ಓದಿ ಹೇಳಿ, ಇನ್ನೊಬ್ಬರ ಹತ್ತಿರವೂ ತೋರಿಸಿ ಎನ್ನುತ್ತಾರೆ.

ದೀಪಾವಳಿಗೆ ಎರಡು ದಿನವಿರುವಾಗ ಸುಶಮೀಂದ್ರ ಫೋನು ಮಾಡಿದ. ಅವನು ಹನ್ನೊಂದು ವರ್ಷದವನಿದ್ದಾಗಿನಿಂದ ನರಕಚತುರ್ದಶಿಯ ದಿನ ಅವನ ತಲೆಗೆ ಎಣ್ಣೆ ಹಚ್ಚಿದವರು ತುಂಗಾಬಾಯಿಯೇ.

"ಎಣ್ಣಿ ನೀರಿಗೆ ಬರ್ಲೇನು ಮೌಶಿ?"

ಆ ಕಡೆಯಿಂದ ಅವನ ಉಸಿರು ಕೇಳುತ್ತಿತ್ತು.

"ಆಚಾರ್ಯರಿಗೆ ನಿನ್ನ ನೋಡಬೇಕಂತ ಅದ. ಗುಡಿಗೆ ಬಾ, ಅವರನ್ನ ಕಂಡು ಹೋಗು" ಎಂದರು. "ಮನಿಗೆ ಬರಬ್ಯಾಡ."

ಫೋನು ಇಟ್ಟು, ಹಿತ್ತಿಲಿಗೆ ಹೋಗಿ, ಹಬ್ಬಕ್ಕೆಂದು ಹಂಡೆ ತಿಕ್ಕಲು ಕೂತರು.