ಕೃಷ್ಣನ ಪಕ್ಕದ ಜಾನ್ಸನ್

ನಮ್ಮ ಮಾವ ಆನಂದತೀರ್ಥರು ಸ್ವಂತ ಅಪ್ಪನ ಫೋಟೋವನ್ನೇ ಹಾಲ್‌ನ ಗೋಡೆಗೆ ಹಾಕಿದವರು. ಸತ್ತವರು ದೇವರಕೋಣೆಯೊಳಗೆ ಬರಬಾರದು ಎಂಬುದು ಅವರದೇ ಕಟ್ಟುನಿಟ್ಟು. ಅಂಥವರು ಲಿಂಡನ್ ಜಾನ್ಸನ್ ಎಂಬ ಸತ್ತ ಅಮೆರಿಕನ್ ಅಧ್ಯಕ್ಷನನ್ನು ಮಾತ್ರ ಉಡುಪಿ ಕೃಷ್ಣನ ಪಕ್ಕದಲ್ಲೇ ಕೂರಿಸಿದ್ದರು. ದಿನಾ ಬೆಳಿಗ್ಗೆ ಆತನಿಗೊಂದು ಹೂವು, ಒಂದು ಊದುಬತ್ತಿ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಸೊಸೆಯಲ್ಲವೇ, ಬಾಯಿ ಮುಚ್ಚಿಕೊಂಡಿದ್ದೆ.

ಮಾವನ ವಾದ ಸರಳ. ನಮ್ಮಂಥವರಿಗೆ ಈ ಅಮೆರಿಕ ಹೆಚ್ಚುಕಮ್ಮಿ ಬಾಗಿಲು ಹಾಕಿಕೊಂಡಿತ್ತು. ಅರವತ್ತೈದನೇ ಇಸವಿಯಲ್ಲಿ ಜಾನ್ಸನ್ ವಲಸೆ ಕಾನೂನು ಬದಲಿಸಿದ. ಅದರಿಂದಲೇ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದ ಮಾವ ವೀಸಾ ಹಿಡಿದು ಬಂದಿಳಿದರು. ಕ್ಯುಪರ್ಟಿನೋದಲ್ಲಿ ಇನ್ನೂ ಹಣ್ಣಿನ ತೋಟಗಳಿದ್ದ ಕಾಲಕ್ಕೆ ಮನೆ ಮಾಡಿದರು, ಮಕ್ಕಳನ್ನು ಓದಿಸಿದರು.

"ಕರಿಯರಿಗೆ ವೋಟಿನ ಹಕ್ಕು ಕೊಟ್ಟ, ನಮಗೆ ವೀಸಾ ಕೊಟ್ಟ. ಇನ್ನೆಂತ ಬೇಕು ಮಾರಾಯ್ತಿ?" ಎನ್ನುತ್ತಿದ್ದರು. ಅದೇ ಜಾನ್ಸನ್ ನಡೆಸಿದ ವಿಯೆಟ್ನಾಂ ಯುದ್ಧದ ಮಾತೆತ್ತಿದರೆ, "ಅದು ಬೇರೆ ವಿಷಯ" ಎಂದು ಎದ್ದು ಹೋಗುತ್ತಿದ್ದರು.

ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಅತ್ತೆ ಶೈಲಜಾ ಪಕ್ಕದ ಮನೆಯ ಥುಯ್ ಅವರನ್ನು ಅರಿಶಿನ ಕುಂಕುಮಕ್ಕೆ ಕರೆದರು. ಆಕೆ ವಿಯೆಟ್ನಾಮಿನವರು, ಅತ್ತೆಯ ವಾಕಿಂಗಿನ ಜೊತೆಗಾತಿ. ನಿಜ ಹೇಳಬೇಕೆಂದರೆ ಈ ಊರಿನಲ್ಲಿ ಅತ್ತೆಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದ ಒಬ್ಬರೇ ಗೆಳತಿ.

ಥುಯ್ ಅವರ ಮನೆಯಲ್ಲೂ ತೀರಿಕೊಂಡವರ ಫೋಟೋದ ಮುಂದೆ ಊದುಬತ್ತಿ ಹಚ್ಚುತ್ತಾರೆ. ಹಾಗಾಗಿ ದೇವರಿಗೆ ಕೈಮುಗಿಯಲು ಬಂದ ಆಕೆಗೆ, ಹೂವೇರಿಸಿಕೊಂಡು ಕೂತಿದ್ದ ಆ ಮುಖದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಮಾವ ಹಿಗ್ಗಿನಿಂದ ಇಂಗ್ಲಿಷಿನಲ್ಲಿ ಹೇಳಿಯೇ ಬಿಟ್ಟರು: "ನಾವು ಈ ದೇಶಕ್ಕೆ ಬಂದದ್ದೇ ಇವರಿಂದ."

"ನಾವೂ ಅಷ್ಟೇ" ಎಂದರು ಥುಯ್. "ಇವರ ವಿಮಾನಗಳು ನಮ್ಮೂರಿನ ಮೇಲೆ ಬಾಂಬು ಹಾಕಿದವು. ನನ್ನ ಅಣ್ಣ ಸತ್ತ. ಆಮೇಲೆ ನಮಗೆ ಊರೇ ಉಳಿಯಲಿಲ್ಲ."

ಅತ್ತೆ ಹಿಡಿದಿದ್ದ ಕುಂಕುಮವನ್ನು ಇಟ್ಟುಕೊಳ್ಳದೆ ಆಕೆ ಹೊರಟುಹೋದರು.

ಮಾವ ಅಷ್ಟಕ್ಕಾದರೂ ಸುಮ್ಮನಾದರೇ? "ಅವಳಿಗೆ ಹಿಸ್ಟರಿ ಗೊತ್ತಿಲ್ಲ" ಎಂದು ಶುರು ಹಚ್ಚಿಕೊಂಡರು. ಬಾಂಬು ಬಿದ್ದ ಮನೆಯವರಿಗೆ ಹಿಸ್ಟರಿ ಗೊತ್ತಿಲ್ಲವಂತೆ! ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕುಂಕುಮದ ಬಟ್ಟಲನ್ನು ಕೆಳಗಿಟ್ಟು ಗಂಡನ ಎದುರು ನಿಂತರು. ಅವರು ಹಾಗೆ ನಿಂತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಅವ ನಮಗೆ ಒಳ್ಳೇದು ಮಾಡಿದ್ದು ಸುಳ್ಳಲ್ಲ. ನಾನೂ ಅದೇ ಅನ್ನ ಉಂಡವಳು. ಆದ್ರೆ ಅವನಿಗೆ ಹೂ ಇಡುದಾದ್ರೆ ಅವಳ ಅಣ್ಣನ ಫೋಟೋವೂ ಇಲ್ಲೇ ಬೇಕು. ಇಬ್ಬರನ್ನೂ ಒಟ್ಟಿಗೆ ಇಡುವ. ಹೋಗಿ, ನೀವೇ ಅವಳ ಹತ್ರ ಕೇಳಿ ತನ್ನಿ."

ಮಾವ ದಡದಡನೆ ಹೊರಬಾಗಿಲವರೆಗೆ ಹೋದರು. ಚಪ್ಪಲಿಗೆ ಕಾಲು ಹಾಕಿದರು. ಆಮೇಲೆ ತೆಗೆದರು. ವಾಪಸು ಬಂದು ಜಾನ್ಸನ್ನನ್ನು ಕೆಳಗಿಳಿಸಿ, ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಅವಚಿಕೊಂಡು ನಿಂತರು. ನನಗೇನೂ ಅಯ್ಯೋ ಪಾಪ ಅನ್ನಿಸಲಿಲ್ಲ.